ಮಣ್ಣಿನ ದಿಬ್ಬದ ಕಡೆ ಮುಖ

"ಮೂವತ್ತೆಂಟಾ? ಅದರಲ್ಲಿ ನೊಣ ಹೊಡೀಬೋದು ಅಷ್ಟೇ," ಎಂದ ಬಂದೂಕಿನಂಗಡಿಯಲ್ಲಿ ಹರಟೆಗೆ ಕೂತಿದ್ದ ಹೋಬರ್ಟ್, ಅವನನ್ನು ಯಾರೂ ಕೇಳಿರಲಿಲ್ಲ. "ನಲವತ್ತೈದು ತಗೋ ಅಕ್ಕಾ. ಒಂದು ಬಿದ್ರೆ ಸಾಕು, ಆಸಾಮಿ ಮತ್ತೆ ಮೇಲೇಳಲ್ಲ."

ಆರ್ವೆಲಾ ಅವನ ಕಡೆ ತಿರುಗಲಿಲ್ಲ. ಗಾಜಿನ ಕೆಳಗೆ ಸಾಲಾಗಿ ಮಲಗಿದ್ದ ಪಿಸ್ತೂಲುಗಳನ್ನೇ ನೋಡುತ್ತಿದ್ದಳು. ಕೆಂಟಕಿಯ ಈ ಕಣಿವೆಯ ಗಂಡಸರಿಗೆ ಇದೊಂದು ಚಟ. ದೇವರ ವಿಷಯದಲ್ಲಾದರೂ ಒಬ್ಬರ ಮಾತಿಗೆ ಇನ್ನೊಬ್ಬರು ತಲೆದೂಗಿಯಾರು, ಗುಂಡಿನ ಅಳತೆ ಮೂವತ್ತೆಂಟೋ ನಲವತ್ತೈದೋ ಎಂಬ ವಿಷಯದಲ್ಲಿ ಮಾತ್ರ ಜಪ್ಪಯ್ಯ ಅಂದರೂ ಒಪ್ಪರು. ಕೊಳ್ಳಲು ಬಂದವಳು ಬಾಯಿ ತೆರೆಯುವ ಮೊದಲೇ ವಾದ ಶುರುವಾಗಿರುತ್ತದೆ.

"ನೀನು ಸುಮ್ನಿರೋ ಮಾರಾಯ," ಎಂದ ಅಂಗಡಿಯ ಯಜಮಾನ ಎಲ್ಡನ್. "ಏನ್ ಸಮಾಚಾರ, ಆರ್ವೆಲಾ?"

"ಡ್ವೈಟ್‌ನ ಬೆಳಿಗ್ಗೆ ಜೈಲಿಂದ ಬಿಟ್ಟರಂತೆ."

ಡ್ವೈಟ್ ಆರ್ವೆಲಾಳ ಮಾಜಿ ಅಳಿಯ. ಅವಳ ಮಗಳು ಕೆಂಡ್ರಾಳ ದವಡೆಯನ್ನು ಅವನು ಹೊಡೆದು ಮುರಿದಿದ್ದ, ಅದು ಸೊಟ್ಟಗೇ ಕೂಡಿಕೊಂಡಿತ್ತು; ಅದು ಊರಿಗೆಲ್ಲ ಗೊತ್ತು. ಈಗ ಮಗಳು, ಮೊಮ್ಮಗಳು ಜೋಸಿ ಇಬ್ಬರೂ ಆರ್ವೆಲಾಳ ಮನೆಯಲ್ಲೇ ಇದ್ದರು.

"ಹತ್ತಿರ ಬರಬಾರದು ಅಂತ ಕೋರ್ಟಿನ ಆಜ್ಞೆ ಇದೆಯಲ್ಲ?" ಎಂದ ಹೋಬರ್ಟ್.

"ಇದೆ. ಅದನ್ನ ಬಾಗಿಲಿಗೆ ಅಂಟಿಸ್ತೀನಿ, ಓದ್ಕೊಂಡು ಹೋಗ್ತಾನೆ ಅಂತೀಯಾ?"

ಎಲ್ಡನ್ ಅವಳನ್ನು ಅಂಗಡಿಯ ಹಿಂದೆ ಗುಂಡು ಹಾರಿಸಿ ನೋಡುವ ಜಾಗಕ್ಕೆ ಕರೆದೊಯ್ದ. ಹಟಮಾರಿ ಹೋಬರ್ಟ್ ತನ್ನ ನಲವತ್ತೈದನ್ನೇ ಮೊದಲು ಅವಳ ಕೈಗಿಟ್ಟ. ಗುಂಡು ಹಾರಿಸುವ ಮೊದಲು ಅದರ ಮೇಲ್ಭಾಗವನ್ನು ಹಿಂದಕ್ಕೆಳೆಯಬೇಕು; ಅದು ಅವಳ ಕೈಲಾಗಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆ ಉಜ್ಜಿ ಉಜ್ಜಿ ಬೆರಳಿನ ಗಂಟುಗಳೆಲ್ಲ ಊದಿಕೊಂಡಿದ್ದವು. ಆಮೇಲೆ ಹೋಬರ್ಟ್ ಚೀಲದಲ್ಲಿ ಹಿಡಿಸುವ ಹಗುರವಾದದ್ದೊಂದನ್ನು ತಂದ. "ಹೆಂಗಸರ ಕೈಗೆ ಹಗುರದ್ದೇ ಸರಿ," ಎಂದ. ಗಂಡಸರೆಲ್ಲ ಮಾಡುವ ತಪ್ಪು ಇದೇ. ಪಿಸ್ತೂಲು ಹಗುರವಾದಷ್ಟೂ ಗುಂಡು ಹಾರಿದಾಗ ಕೈಯನ್ನು ಹೆಚ್ಚು ಒದೆಯುತ್ತದೆ. ಒತ್ತಿದೊಡನೆ ಹೆಬ್ಬೆರಳ ಬುಡಕ್ಕೆ ಬಾಗಿಲು ಬಡಿದಂತಾಗಿ ಅವಳ ಕಣ್ಣಲ್ಲಿ ನೀರು ಬಂತು.

"ಅಯ್ಯೋ ಹಾಳಾದ್ದೇ!"

ಎಲ್ಡನ್ ಒಳಗಿನಿಂದ ಹಳೆಯ ಉಕ್ಕಿನ ರಿವಾಲ್ವರ್ ತಂದ. ಮೂವತ್ತೆಂಟರದ್ದು, ಇಸ್ತ್ರಿಪೆಟ್ಟಿಗೆಯಷ್ಟು ಭಾರ. ಎಳೆಯುವ ಗೋಜಿಲ್ಲ, ಒತ್ತಿದರೆ ಸಾಕು. ಈ ಸಲ ಅವಳು ಕಣ್ಣು ಮುಚ್ಚಲಿಲ್ಲ. ಗುರಿಗೆ ನಿಲ್ಲಿಸಿದ್ದ ಕಾಗದದ ಮನುಷ್ಯನ ಎದೆಯಲ್ಲಿ ತೂತುಗಳು ಅಕ್ಕಪಕ್ಕದಲ್ಲೇ ಬಿದ್ದವು.

"ಇದೇ ನಿಂದು," ಎಂದ ಎಲ್ಡನ್. "ಗುರಿ ತಪ್ಪೋ ನಲವತ್ತೈದಕ್ಕಿಂತ ತಾಗೋ ಮೂವತ್ತೆಂಟು ವಾಸಿ."

ಹೋಬರ್ಟ್ ಏನೋ ಗೊಣಗಿದ. ಆರ್ವೆಲಾ ರಿವಾಲ್ವರನ್ನು ಕೆಳಗಿಟ್ಟಳು.

"ಒಂದು ವೇಳೆ ನಾನು ತಪ್ಪಿದ್ರೆ? ನಮ್ಮದು ತಗಡಿನ ಮನೆ, ಎಲ್ಡನ್. ಒಳಗೋಡೆ ಅಂದ್ರೆ ರಟ್ಟು. ಆಚೆ ಕೋಣೇಲಿ ಜೋಸಿ ಮಲಗ್ತಾಳೆ. ಗೋಡೆ ದಾಟದೇ ಇರೋ ಅಳತೇದು ಯಾವುದಿದೆ?"

ಇಷ್ಟು ವರ್ಷದ ವಾದದಲ್ಲಿ ಈ ಪ್ರಶ್ನೆ ಯಾರ ಬಾಯಲ್ಲೂ ಬಂದಿರಲಿಲ್ಲ.

"ಅಂಥದ್ದು ಇಲ್ಲ ಕಣಮ್ಮ," ಎಂದ ಎಲ್ಡನ್. "ಮನುಷ್ಯನ್ನ ಕೆಡವೋದು ಯಾವುದೇ ಆದರೂ ನಿನ್ನ ಗೋಡೇನ ದಾಟುತ್ತೆ. ಸುಳ್ಳು ಹೇಳಲ್ಲ. ಅವನ ಬೆನ್ನ ಹಿಂದೆ ಏನಿದೆ ಅಂತ ಮೊದಲು ನೋಡ್ಕೋ."

ಅವಳು ಮನೆಗೆ ಬಂದಾಗ ಸಂಜೆಯ ಬಿಸಿಲು ಇನ್ನೂ ಇತ್ತು. ಕೆಂಡ್ರಾ ಒಲೆಯ ಮೇಲೆ ಹುರುಳಿಕಾಯಿ ಬೇಯಿಸುತ್ತಿದ್ದಳು. ಆರ್ವೆಲಾ ಖಾಲಿ ರಿವಾಲ್ವರ್ ಹಿಡಿದು ಸೋಫಾದ ಬಳಿ ನಿಂತಳು. ಬಾಗಿಲಲ್ಲಿ ಡ್ವೈಟ್ ನಿಂತರೆ ಅವನ ಹಿಂದೆ ರಸ್ತೆ, ರಸ್ತೆಯಾಚೆ ನೆರೆಯ ಸೈಜ್‌ಮೋರ್‌ನ ಮಕ್ಕಳು ಕುಣಿದಾಡುವ ಅಂಗಳ. ಅಡುಗೆಮನೆಯ ಕಡೆಯಿಂದ ನೋಡಿದಳು. ಅಲ್ಲಿಂದ ಗುಂಡು ಹೋಗುವುದು ನೇರ ಜೋಸಿಯ ದಿಂಬಿಗೆ.

"ಅಜ್ಜಿ, ಏನ್ ಹುಡುಕ್ತಿದ್ದೀಯಾ?" ಎಂದಳು ಜೋಸಿ.

"ಜಾಗ ಹುಡುಕ್ತಿದ್ದೀನಿ ಪುಟ್ಟಾ."

ಸ್ನಾನದ ಕೋಣೆಯ ಬಾಗಿಲಲ್ಲಿ, ನಡುಮನೆಯ ಮೂಲೆಯಲ್ಲಿ, ಎಲ್ಲೆಲ್ಲೂ ನಿಂತು ನೋಡಿದಳು. ಎಲ್ಲಿ ನಿಂತರೂ ಯಾರದಾದರೂ ಮಗು ಎದುರಿಗಿತ್ತು. ಕೊನೆಗೆ ಗುಂಡು ತುಂಬಿ ಹೊರಗಿನ ಜಗಲಿಗೆ ಹೋದಳು. ಜಗಲಿಯ ತುದಿಯಿಂದ ಮನೆಗೆ ಬರುವ ಕಾಲುದಾರಿ ಕಾಣುತ್ತಿತ್ತು. ದಾರಿಯ ಹಿಂದೆ ಬೆಟ್ಟ ಕಡಿದ ಎತ್ತರದ ಮಣ್ಣಿನ ದಿಬ್ಬ, ಅಷ್ಟೇ; ಆ ಕಡೆ ಯಾರ ಮಗುವೂ ಇಲ್ಲ. ಅಲ್ಲೊಂದು ಕುರ್ಚಿ ಎಳೆದುಕೊಂಡು ಕುಳಿತಳು.

ಕೆಂಡ್ರಾ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. "ಒಳಗೆ ಬಾ ಅಮ್ಮಾ. ಇಲ್ಲಿ ಕೂತ್ರೆ ಅವನಿಗೆ ಮೊದಲು ಸಿಗೋದು ನೀನೇ."

"ಹೂಂ. ಮೊದಲು ನಾನೇ ಸಿಗ್ಲಿ."

"ಅಮ್ಮಾ, ನಂಗೆ ಭಯ ಆಗ್ತಿದೆ."

"ನಂಗೂ ಆಗ್ತಿದೆ. ಹೋಗು, ಒಳಗಿಂದ ಚಿಲಕ ಹಾಕ್ಕೋ."

ಚಿಲಕ ಬಿದ್ದ ಸದ್ದಾಯಿತು. ಆರ್ವೆಲಾ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ದಾರಿಯ ಮೇಲಿಂದ ಕಣ್ಣು ತೆಗೆಯದೆ, ಬಲಗೈಯಲ್ಲಿ ರಿವಾಲ್ವರ್ ಹಿಡಿದೇ ಎಡಗೈಯಲ್ಲಿ ಉಣ್ಣತೊಡಗಿದಳು.