ಸೀನಿಲ್ಲದ ಬ್ಯಾಡಗಿ

ನಮ್ಮ ಜಿಲ್ಲೆಯಲ್ಲೂ ಮೌನವಿದೆ ಎಂದು ಬೆಂಗಳೂರಿಗೆ ಪತ್ರ ಬರೆದವನು ನಾನು. ಅಲ್ಲಿಯ ಒಂದು ಕಲಾಸಂಸ್ಥೆ ಸಣ್ಣ ಊರುಗಳ ಪ್ರಶಾಂತ ಸದ್ದುಗಳ ಪ್ರದರ್ಶನ ಮಾಡುತ್ತಿತ್ತು. ಟಿಕೆಟ್ ಕೊಂಡವರು ಕತ್ತಲೆ ಕೋಣೆಯಲ್ಲಿ ದಿಂಬಿಗೊರಗಿ ಬೇರೆಯವರ ಊರಿನ ನಿಶ್ಶಬ್ದ ಕೇಳುವುದು. ಫೋನಿನಲ್ಲಿ ಊರುಗಳ ಹೆಸರು ನೋಡಿದೆ. ಕರಾವಳಿ ಇತ್ತು, ಮೈಸೂರು ಕಡೆಯವು ಇದ್ದವು. ಹಾವೇರಿ ಜಿಲ್ಲೆಯ ಒಂದು ಊರೂ ಇರಲಿಲ್ಲ.

ನಾನು ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಚೀಲದ ಮೇಲಿನ ಚೀಟಿ ಪರಿಶೀಲಿಸುವವನು. ಸಂಜೆ ಕಾಲೇಜಿನಲ್ಲಿ ಬಿ.ಎ. ಮಾಡಿದ್ದೇನೆ. ಇರಬೇಕಾದ ಹೆಸರು ಇಲ್ಲದಿದ್ದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರನ್ನೂ ಸೇರಿಸಬೇಕೆಂದು ಬರೆದೆ. ಕಳಿಸಿದ ಮೇಲೆ, ಇಲ್ಲಿ ನಿಜವಾಗಿಯೂ ಮೌನವಿದೆಯೇ ಎಂದು ಯೋಚನೆ ಹತ್ತಿತು.

ಸಂಸ್ಥೆಯವರು ಮಧು ಎಂಬುವವರನ್ನು ಕಳಿಸಿದರು. ದೊಡ್ಡ ಹೆಡ್‌ಫೋನು, ಕೋಲಿನ ತುದಿಗೆ ಮೈತುಂಬ ಕೂದಲಿದ್ದ ಮೈಕು. ಊರಿನ ಉಸಿರು ಬೇಕು, ಜನರ ಮಾತು ಬೇಡ ಎಂದರು. ಜನ ಇರಬೇಕಂತೆ, ಕೇಳಿಸಬಾರದಂತೆ. ಒಳ್ಳೆಯ ಧ್ವನಿಮುದ್ರಣ ಸಿಗದಿದ್ದರೆ ನಿಮ್ಮ ಊರುಗಳನ್ನು ಕೈಬಿಡುತ್ತೇವೆ ಎಂದು ಬಸ್ಸಿನಲ್ಲೇ ಹೇಳಿದರು.

ಹಾವೇರಿಯ ಹಳೇ ಓಣಿಯೊಂದರಲ್ಲಿ ಅವರು ಮೈಕು ಹಿಡಿದು ನಿಂತರು. ನಮ್ಮ ಕಡೆ ಹೊಸಬರೊಬ್ಬರು ಓಣಿಯಲ್ಲಿ ಸುಮ್ಮನೆ ನಿಂತರೆ ಮಾತಾಡಿಸದೆ ಬಿಡುವುದು ಮರ್ಯಾದೆಯಲ್ಲ. ಕಟ್ಟೆಯ ಮೇಲೆ ಬೇಳೆ ಆರಿಸುತ್ತಿದ್ದ ದೇವವ್ವ ಯಾರ ಮನೆ ಬೇಕಾಗಿತ್ತೆಂದು ಕೇಳಿದಳು. ಮಧು ತುಟಿಯ ಮೇಲೆ ಬೆರಳಿಟ್ಟರು. ಆಕೆಯ ಮುಖ ಮೆತ್ತಗಾಯಿತು. ಎದುರು ಮನೆಗೆ ಕೇಳುವಂತೆ ಕೂಗಿದಳು:

"ಸೋಮವ್ವಾ, ಕುರ್ಚಿ ತಗೊಂಡು ಬಾರ. ಪಾಪ, ಮಾತು ಬರಂಗಿಲ್ಲ ನೋಡು ಇವರಿಗೆ."

ಕುರ್ಚಿ ಬಂತು, ನೀರು ಬಂತು, ಮೂಕರಿಗೆ ಔಷಧ ಕೊಡುವವರ ವಿಳಾಸ ಬಂತು. ಮೌನವೊಂದೇ ಬರಲಿಲ್ಲ.

ರಾಣೆಬೆನ್ನೂರಿನಲ್ಲಿ ಆಟೋದ ಅಶ್ಫಾಕ ನಮ್ಮನ್ನು ಸ್ಟೇಷನ್ನಿನ ಹಿಂದಿನ ಖಾಲಿ ರಸ್ತೆಗೆ ಕರೆದೊಯ್ದ. ಎಂಜಿನ್ ನಿಲ್ಲಿಸಿದ, ಎದುರು ಬಂದ ಆಟೋಗಳನ್ನೂ ನಿಲ್ಲಿಸಿದ. ಏಕೆ ನಿಲ್ಲಿಸಿದ್ದೆಂದು ಒಬ್ಬೊಬ್ಬರಿಗೂ ವಿವರಿಸಿದ. ನಡುನಡುವೆ ನಮ್ಮ ಕಡೆ ತಿರುಗಿ, "ಆತೇನ್ರಿ?" ಎಂದು ಕಾಳಜಿಯಿಂದ ಕೇಳುತ್ತಿದ್ದ.

ರಾತ್ರಿ ರಾಣೆಬೆನ್ನೂರಿನ ಲಾಡ್ಜಿನಲ್ಲಿ ಮಧು ಮೈಕನ್ನು ಮೇಜಿನ ಮೇಲಿಟ್ಟು ಮಲಗಿಬಿಟ್ಟರು. ಫ್ಯಾನು ಒಂದೊಂದು ಸುತ್ತಿಗೆ ಟಿಕ್ ಎನ್ನುತ್ತಿತ್ತು. ಬಚ್ಚಲಿನ ನಲ್ಲಿ ಸೋರುತ್ತಿತ್ತು. ಅವರ ನಿದ್ದೆ ಕೆಟ್ಟೀತೆಂದು ನನ್ನ ಕರವಸ್ತ್ರ ಅದಕ್ಕೆ ಕಟ್ಟಿ, ನಾನು ಮನೆಗೆ ಹೋದೆ.

ಉಳಿದದ್ದು ಬ್ಯಾಡಗಿ. ಅಲ್ಲಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ ಇಟ್ಟಿರುವ ವಿರೂಪಾಕ್ಷಪ್ಪನವರಿಗೆ ಮೊದಲೇ ಫೋನು ಮಾಡಿದ್ದೆ. ಅವರು ಅದನ್ನು ಊರಿನ ಮಾನದ ಪ್ರಶ್ನೆ ಮಾಡಿಕೊಂಡಿದ್ದರು. ಮಾರಾಟವಿಲ್ಲದ ದಿನ, ಆದರೂ ಅಂಗಡಿಯ ಫ್ಯಾನು ಆರಿಸಿದ್ದರು, ಓಣಿಯ ತುದಿಗೆ ಟ್ರ್ಯಾಕ್ಟರು ತಡೆದಿದ್ದರು. ಹಮಾಲರು ಬಾಯಿಗೆ ಟವೆಲ್ ಒತ್ತಿಕೊಂಡು ಚೀಲಗಳ ಮೇಲೆ ಸಾಲಾಗಿ ಕೂತಿದ್ದರು. ಕೆಮ್ಮು ಬಂದರೂ ನಗು ಬಂದರೂ ನುಂಗಬೇಕೆಂದು ಆಜ್ಞೆಯಾಗಿತ್ತು. ಹಮಾಲ ಗೂಡುಸಾಬನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಕುತ್ತಿಗೆಯ ನರ ಉಬ್ಬಿತ್ತು, ಆದರೂ ಉಸಿರೆತ್ತಲಿಲ್ಲ. ಒಣಮೆಣಸಿನಕಾಯಿಯ ಆ ಘಾಟಿನಲ್ಲಿ ಅಷ್ಟು ಜನ ಸುಮ್ಮನೆ ಕೂತದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ನನ್ನ ಪತ್ರ ನಿಜವಾಯಿತು ಅನ್ನಿಸಿತು.

ಆಗ ಮಧು ಸೀನಿದರು.

ಯಾರೂ ನಗಲಿಲ್ಲ, ನಗಬಾರದೆಂದು ಆಜ್ಞೆಯಿತ್ತಲ್ಲ. ಮಧು ಮತ್ತೆ ಮೊದಲಿನಿಂದ ಶುರು ಮಾಡಿದರು, ಮತ್ತೆ ಸೀನಿದರು. ಎರಡು ಊರುಗಳಲ್ಲಿ ಜನರ ಗದ್ದಲವನ್ನು ಶಪಿಸುತ್ತ ಬಂದವರು ಮೂರನೆಯ ಊರಿನಲ್ಲಿ ತಾವೊಬ್ಬರೇ ಗದ್ದಲವಾದರು. ಯಂತ್ರ ಕೆಳಗಿಟ್ಟು ಮೂಗು ಹಿಡಿದು ನಿಂತಾಗ ವಿರೂಪಾಕ್ಷಪ್ಪ ಸಮಾಧಾನ ಹೇಳಿದರು.

"ಸಾಹೇಬ್ರ, ಬ್ಯಾರೇ ಊರಾಗ ಸೀನಿದ್ರ ಕೆಲಸ ನಿಲ್ಲಸ್ತಾರ. ಇಲ್ಲಿ ಹಂಗ ಮಾಡಿದ್ರ ಒಂದು ಚೀಲಾನೂ ಮಾರೂದಿಲ್ಲ. ನೀವು ನಡಸ್ರಿ."

ಬೇಕಾದ್ದು ಸಿಕ್ಕಿದೆ, ಉಳಿದದ್ದನ್ನು ಕಂಪ್ಯೂಟರ್ ತೆಗೆಯುತ್ತದೆ ಎಂದು ಹೇಳಿ ಮಧು ಸಂಜೆಯ ರೈಲು ಹತ್ತಿದರು.

ತಿಂಗಳೊಪ್ಪತ್ತಿನಲ್ಲಿ ಪ್ರದರ್ಶನದ ಲಿಂಕು ಬಂತು. ನಮ್ಮ ಮೂರೂ ಹೆಸರು ಅಲ್ಲಿದ್ದವು. ಹಾವೇರಿ ಒತ್ತಿದೆ. ಟಿಕ್. ಟಿಕ್. ಅದರ ಹಿಂದೆ ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕುವ ಸದ್ದು. ಬಟ್ಟೆ ನನ್ನದು, ಗುರುತು ಸಿಗದಿರುವುದು ಹೇಗೆ? ರಾಣೆಬೆನ್ನೂರು ಒತ್ತಿದೆ, ಅದೇ. ಬ್ಯಾಡಗಿಯೂ ಅದೇ, ಫ್ಯಾನು ತುಸು ನಿಧಾನ. ಕೆಳಗೆ 'ಮೆಣಸಿನಕಾಯಿಯ ಕೆಂಪು ಮೌನ' ಎಂದು ಬರೆದಿದ್ದರು. ಕೇಳಿ ಕಣ್ಣು ತುಂಬಿತೆಂದು ಯಾರೋ ಅಭಿಪ್ರಾಯ ಹಾಕಿದ್ದರು.

ನಾನು ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಹೆಸರುಗಳೂ ಉಳಿಯುತ್ತಿದ್ದವು. ಆದರೆ ಚೀಟಿಯಲ್ಲಿ ಜೋಳವೆಂದಿದ್ದು ಚೀಲದಲ್ಲಿ ಹತ್ತಿಬೀಜ ಬಂದರೆ ಅದನ್ನು ತಡೆಯಲೆಂದೇ ನನಗೆ ಸಂಬಳ. ಹೀಗೆ ಒದ್ದಾಡುತ್ತಿರುವಾಗಲೇ ವಿರೂಪಾಕ್ಷಪ್ಪ ಫೋನು ಮಾಡಿ, ತಮ್ಮ ಮಂದಿಗೆಲ್ಲ ಅದನ್ನು ಕೇಳಿಸಲೇಬೇಕು ಎಂದರು.

ಅಂಗಡಿಯಲ್ಲಿ ಫೋನು ಸ್ಪೀಕರಿಗೆ ಹಚ್ಚಿದೆ. ಎಲ್ಲರೂ ಕಣ್ಣು ಮುಚ್ಚಿ ಕೇಳಿದರು. ಟಿಕ್ ಎನ್ನುವುದು ತಕ್ಕಡಿಯೆಂದು ಒಬ್ಬ ಹೇಳಿದ. ನೀರಿನ ಸದ್ದು ಬಂದಾಗ ಗೂಡುಸಾಬ, ಅದು ತಾನು ಕೆಮ್ಮು ನುಂಗಿದ್ದು ಎಂದು ಹೆಮ್ಮೆಯಿಂದ ತೋರಿಸಿಕೊಂಡ. ಮುಗಿದ ಮೇಲೆ ಅವನೇ ಕಣ್ಣು ತೆರೆದ.

"ಸೀನು ಎಲ್ಲೈತ್ರಿ ಕೊಟ್ರೇಶಣ್ಣ?"

ನಾನು ಫೋನು ಆರಿಸಿದೆ. ಆಮೇಲೆ ಲಾಡ್ಜು, ಫ್ಯಾನು, ಕರವಸ್ತ್ರ ಎಲ್ಲ ಹೇಳಿದೆ.

"ಯಾವ ಲಾಡ್ಜ್?" ಎಂದರು ವಿರೂಪಾಕ್ಷಪ್ಪ. "ಭಾಳ ಶಾಂತ ಐತಿ. ನಮ್ಮ ಅಳಿಯ ಬಂದಾಗ ಅಲ್ಲೇ ಇಡಬೇಕು."

ಎಲ್ಲರೂ ನಕ್ಕರು, ಗೂಡುಸಾಬನೊಬ್ಬನನ್ನು ಬಿಟ್ಟು.

"ನಮ್ಮೂರ ಹೆಸರು ಬೇಕಂದ್ರ ಸೀನು ಹಾಕ್ಲಿ," ಎಂದ. "ಸೀನು ಬ್ಯಾಡಂದ್ರ ಹೆಸರು ತಗೀಲಿ. ನಾ ಅವತ್ತು ಸಾಯಾಕತ್ತಿದ್ದೆ."

ಅಲ್ಲೇ ಕೂತು ಅದನ್ನು ಸಭ್ಯ ಭಾಷೆಯಲ್ಲಿ ಬರೆದು ಸಂಸ್ಥೆಗೆ ಕಳಿಸಿದೆ. ಕೇಳುಗರಿಗೆ ಸ್ಥಳ ಮುಖ್ಯವಲ್ಲ, ಅನುಭವ ಮುಖ್ಯ ಎಂದು ಉತ್ತರ ಬಂತು. ಓದಿ ಹೇಳಿದೆ.

"ಹಂಗಾದ್ರ ಬೆಂಗಳೂರು ಅಂತ ಬರೀಲಿ," ಎಂದರು ವಿರೂಪಾಕ್ಷಪ್ಪ.

ಅದನ್ನೂ ಬರೆದೆ. ಮರುದಿನ ನೋಡಿದರೆ ನಾನು ಅಷ್ಟು ಆಸೆಪಟ್ಟ ಮೂರು ಹೆಸರೂ ಇರಲಿಲ್ಲ. ಫ್ಯಾನು ಮಾತ್ರ ತಿರುಗುತ್ತಲೇ ಇತ್ತು, ನನ್ನ ಕರವಸ್ತ್ರ ಸೋರುತ್ತಲೇ ಇತ್ತು. ಮೇಲೆ ಹೊಸ ಚೀಟಿ ಅಂಟಿಸಿದ್ದರು: 'ಉತ್ತರ ಕರ್ನಾಟಕದ ಒಂದು ಊರು.'