ಗುಡ್ಡದಾಚೆಯ ಗಂಡುಗಿಡ

ಪ್ರೆದಿನಾ ಅಕ್ಕನ ಇಳಿಜಾರಿನಲ್ಲಿ ಆರು ವರ್ಷದಿಂದ ಒಂದೇ ಒಂದು ಮರಿ ಮೆಮಾಂಗ್ ಕೊಕ್ಸಿ ಹುಟ್ಟಿರಲಿಲ್ಲ. ಹಾಗೆಂದರೆ ದೆವ್ವದ ಬುಟ್ಟಿ. ಎಲೆಯ ತುದಿಗೆ ನೀರು ತುಂಬಿದ ಹೂಜಿ ಕಟ್ಟಿಕೊಂಡು ಹುಳ ಹಿಡಿಯುವ ಗಿಡ. ಮೊದಲು ನಮ್ಮ ಗಾರೋ ಬೆಟ್ಟದ ಹಾದಿಬದಿಯಲ್ಲೂ ಇತ್ತು. ಈಗ ನಮ್ಮೂರಲ್ಲಿ ಉಳಿದದ್ದು ಅಕ್ಕನ ತೊರೆಯ ಪಕ್ಕದ ಹದಿನೇಳು ಮುದಿಗಿಡ. ಕಳೆದ ಚಳಿಗಾಲದಲ್ಲಿ ಅದರಲ್ಲೂ ಎರಡು ಒಣಗಿದವು.

"ಇವು ಹೋದ್ರೆ ನಮ್ಮೂರಿಗೆ ಮುಗೀತು," ಎಂದಳು ಅಕ್ಕ. "ಅಮ್ಮ ನನ್ನ ಕೈಗೆ ಕೊಟ್ಟು ಹೋದ ಜಾಗ. ನನ್ನ ಕಾಲದಲ್ಲೇ ಹೀಗಾಗ್ಬೇಕಾ?"

ಮಳೆಗಾಲದಲ್ಲಿ ಹೂ ಬಂದಾಗ, ಸಸಿಮಡಿಯಲ್ಲಿ ಕೆಲಸ ಮಾಡುವ ಬಾಲ್ಸಿಮೆಯನ್ನು ಕರೆತಂದೆ. ಅವಳು ಒಂದೊಂದೇ ಹೂಗೊಂಚಲು ತಿರುಗಿಸಿ ನೋಡಿದಳು.

"ಇವೆಲ್ಲ ಹೆಣ್ಣು. ಗಂಡುಗಿಡ ಎಲ್ಲಿ?"

"ಗಿಡದಲ್ಲೂ ಗಂಡು ಬೇರೆ, ಹೆಣ್ಣು ಬೇರೆನಾ? ಯಾರಿಗೆ ಹೇಳ್ತೀಯೇ?" ಎಂದಳು ಅಕ್ಕ.

"ಈ ಜಾತೀಲಿ ಬೇರೆನೇ. ಗಂಡಿನ ಹೂವಲ್ಲಿ ಹಳದಿ ಪುಡಿ ಇರುತ್ತೆ. ಅದು ಕಾಯಿ ಬಿಡಲ್ಲ."

ನಾನು ನೆಲ ನೋಡಿದೆ. ಕಾಯಿ ಬಿಡದವು ಗೊಡ್ಡು, ಸುಮ್ಮನೆ ಜಾಗ ತಿನ್ನುತ್ತವೆ ಎಂದು ವರ್ಷವರ್ಷವೂ ಅಕ್ಕನ ಜಾಗದ ಕಳೆಯ ಜೊತೆ ಕಿತ್ತೆಸೆದವಳು ನಾನೇ. ಆಸ್ತಿಯೆಲ್ಲ ಹೆಣ್ಣಿಗೆ ಕೊಡುವ ಜನ ನಾವು, ನಿಜ. ಆದರೆ ಗಂಡಿಲ್ಲದೆ ಮನೆ ಬೆಳೆಯುತ್ತದೆ ಎಂದು ನಮ್ಮಲ್ಲೂ ಯಾರೂ ಹೇಳುವುದಿಲ್ಲ.

"ಬಂಡೆ ಸಂದೀಲಿ ಒಂದು ಗೊಡ್ಡು ಉಳಿದಿದೆ. ನನ್ನ ಕತ್ತಿಗೆ ಎಟುಕಿರಲಿಲ್ಲ," ಎಂದೆ.

"ಮತ್ತಿನ್ನೇನು, ಅದೇ ಸಾಕು," ಎಂದಳು ಅಕ್ಕ.

ಬಾಲ್ಸಿಮೆ ನಕ್ಕಳು. "ಅಕ್ಕಾ, ನೀನು ಮರಾಕ್ ಕುಲದವಳು. ಮರಾಕ್ ಹುಡುಗನ್ನ ಮದುವೆ ಆಗ್ತಿದ್ಯಾ?"

"ಥೂ. ಅಣ್ಣನ್ನ ಕಟ್ಕೊಂಡ ಹಾಗೆ."

"ಇವೂ ಒಂದೇ ತಾಯಿ ಮಕ್ಕಳು. ಕಾಯಿ ಕಟ್ಟಿದ್ರೂ ಜೊಳ್ಳು ಜಾಸ್ತಿ. ಮೊದಲು ಗುಡ್ಡದಾಚೆ ಗಿಡಗಳ ಪುಡೀನ ಹುಳಗಳೇ ತರ್ತಿದ್ವು, ನಡುವೆ ಕಾಡಿತ್ತು. ಈಗ ರಸ್ತೆ, ಗೋಡಂಬಿ ತೋಟ. ಅವು ದಾಟಿ ಬರಲ್ಲ."

"ಎರಡನ್ನೂ ಮಾಡಿ ನೋಡೇಬಿಡೋಣ," ಎಂದಳು ಅಕ್ಕ. ನಂಬಿ ಹೇಳಿದ ಮಾತಲ್ಲ, ಹಟ.

ಮರುದಿನ ಅಂಟಕ್ಕಿ ಕಡುಬು ಕಟ್ಟಿಕೊಂಡು ಗುಡ್ಡ ದಾಟಿದೆವು. ಆಚೆಯ ಜಾಗ ಸಂಗ್ಮಾ ಕುಲದ್ದು. ಅದನ್ನು ನೋಡಿಕೊಳ್ಳುವ ಗ್ರಿನ್ಸೆಂಗ್ ಅಜ್ಜ ನಮ್ಮ ಮಾತು ಕೇಳಿ ಬಾಯ್ತುಂಬ ನಕ್ಕ.

"ಗಂಡು ಹಿಡಿಯೋಕೆ ಹೆಂಗಸರೇ ಬಂದ್ರಾ? ನಮ್ಮ ಕಾಲದಲ್ಲಿ ಮದುವೆಗೆ ಗಂಡನ್ನ ಹಿಡ್ಕೊಂಡು ಹೋಗ್ತಿದ್ರು, ನನ್ನನ್ನ ಹಿಡಿಯೋಕೆ ಹೆಣ್ಣಿನ ಕಡೆ ಹುಡುಗರ ದಂಡೇ ಬಂದಿತ್ತು. ಎರಡು ಸಲ ತಪ್ಪಿಸ್ಕೊಂಡು ಓಡಿದ್ದೆ."

"ಗಿಡ ಕೀಳಲ್ಲ ಅಜ್ಜ. ಹೂವು ಸಾಕು," ಎಂದಳು ಬಾಲ್ಸಿಮೆ.

ಮೂರು ಗಂಡುಗಿಡಗಳಿಂದ ಒಂದೊಂದು ಹೂಗೊಂಚಲು ಬಾಳೆಯೆಲೆಯಲ್ಲಿ ಸುತ್ತಿ ತಂದೆವು. ಅಕ್ಕ ಕೆಲವು ಹೆಣ್ಣುಹೂಗಳಿಗೆ ಬಂಡೆಸಂದಿಯ ಗಂಡಿನ ಪುಡಿ ಸವರಿ ಕೆಂಪು ದಾರ ಕಟ್ಟಿದಳು. ಉಳಿದವಕ್ಕೆ ಗುಡ್ಡದಾಚೆಯದನ್ನು ಸವರಿ ಬಿಳಿ ದಾರ ಕಟ್ಟಿದಳು. ಕಾಯಿ ಬಲಿತ ಮೇಲೆ ಬೀಜವನ್ನು ಎರಡು ತಟ್ಟೆಯ ಹಾವಸೆಯಲ್ಲಿ ಬೇರೆಬೇರೆಯಾಗಿ ಉದುರಿಸಿದೆವು. ದಿನಾ ಬೆಳಿಗ್ಗೆ ಚಹಾಕ್ಕಿಂತ ಮೊದಲು ಅವಳು ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದಳು.

ಎರಡು ತಿಂಗಳಿಗೆ ಕೆಂಪು ದಾರದ ತಟ್ಟೆಯಲ್ಲಿ ಒಂಬತ್ತು ಮೊಳಕೆ, ಅದರಲ್ಲಿ ಐದು ಬಾಡಿದವು. ಬಿಳಿ ದಾರದ ತಟ್ಟೆಯಲ್ಲಿ ನೂರಕ್ಕೂ ಹೆಚ್ಚು. ಒಂದರ ಎಲೆತುದಿಯಲ್ಲಿ ಸಾಸಿವೆಯಷ್ಟು ಹೂಜಿಯೂ ಬಂದಿತ್ತು. ಅಕ್ಕ ಅದನ್ನು ನೋಡಿ ಅತ್ತಳು.

"ಮುಂದಿನ ಮಳೆಗೂ ಹೋಗೋಣ. ನಮ್ಮ ಗಂಡಿನ ಹೂವನ್ನೂ ಆ ಕಡೆ ಹೆಣ್ಣಿಗೆ ಒಯ್ಯೋಣ," ಎಂದಳು.

ಓದುವವರೇ, ನಿಮ್ಮೂರಿನ ತುಂಡುಕಾಡಲ್ಲೂ ಅಪರೂಪದ ಗಿಡ ಹೀಗೆ ನೆಂಟರಿಲ್ಲದೆ ನಿಂತಿರಬಹುದು. ಬೇಲಿ ಹಾಕಿದರಷ್ಟೇ ಸಾಲದು. ಎರಡು ಕಾಡುಗಳ ನಡುವೆ ಹುಳ ಹಾರಿಬರಲು ಒಂದು ಸಾಲು ಪೊದೆ ಬಿಡಿ. ಕಾಯಿ ಬಿಡದ್ದನ್ನು ಕೀಳುವ ಮೊದಲು ತಿಳಿದವರನ್ನು ಕೇಳಿ. ನಾನು ಕೇಳಲಿಲ್ಲ. ಕಿತ್ತ ಗಂಡುಗಳಲ್ಲಿ ಒಂದನ್ನೂ ಮತ್ತೆ ನೆಡಲು ನನ್ನಿಂದಾಗುವುದಿಲ್ಲ.