ಇಲಿ ಮಾಮ ನಿಂತ ಜಾಗ

"ಅಮ್ಮಾ, ಸುತ್ತಿದ್ದು ಸಾಕು, ಕೂತ್ಕೋ," ಎಂದು ಮಗಳು ತೋಳು ಹಿಡಿದಳು. ಅಮ್ಮ ಕೊಸರಿಕೊಂಡು ಹೆಣದ ಸುತ್ತ ನಾಲ್ಕನೇ ಸುತ್ತು ಹೊರಟರು. ಬಚ್ಚಲಲ್ಲಿ ತೊಳೆದ ಕೈ ಇನ್ನೂ ಒದ್ದೆ.

"ಸಂಕಟ ತಲೆಗೇರಿದೆ, ಬಿಡಮ್ಮ," ಎಂದಳು ಪಕ್ಕದ ಮನೆಯಾಕೆ. "ನಮ್ಮ ಇಲಿ ಮಾಮ ಎಂಥಾ ಗಂಡ! ಲ್ಯಾಬಿನ ಇಲಿಗಳು ಈಜಿ ಬಂದು ಇವರಿಗೆ ಸಲಾಂ ಹೊಡೀತಿದ್ವಂತೆ. ಟವೆಲು ಕೊಟ್ರೆ ತಾವೇ ಬೆನ್ನು ಒರೆಸ್ಕೊಳ್ತಿದ್ವಂತೆ!"

ಅಳುತ್ತಿದ್ದವರೂ ನಕ್ಕುಬಿಟ್ಟರು. ಅಮ್ಮ ಮಗಳೆದುರು ನಿಂತರು.

"ನೀವು ಯಾರ ಮನೆಯವರು? ಈ ಮಲಗಿರೋರಿಗೆ ಏನಾಗಿದೆ?"

ನಗುತ್ತಿದ್ದವರು ಅಮ್ಮನತ್ತ ತಿರುಗಿದರು.

"ಅಮ್ಮಾ, ನಾನು!" ಪ್ರತಿ ಭಾನುವಾರ ತಪ್ಪದೆ ಬರುತ್ತಿದ್ದ ಮಗಳು ಅವಳು. "ಅಪ್ಪ ಏನೂ ಹೇಳಲೇ ಇಲ್ವಲ್ಲ..."

"ಮಾಮ ಬಾಯಿ ಬಿಟ್ರೆ ನಿಮ್ಮಮ್ಮನಿಗೆ ಮಾತಾಡೋಕೆ ಸಂದಿ ಎಲ್ಲಿತ್ತು," ಎಂದು ಪಕ್ಕದ ಮನೆಯಾಕೆ ಗೊಣಗಿದಳು.

ಮೂಲೆಯಲ್ಲಿದ್ದ, ಮಾಮ ಕೆಲಸ ಮಾಡುತ್ತಿದ್ದ ಲ್ಯಾಬಿನ ಮೇಡಂ ಬೆಚ್ಚಿ ಎದ್ದು ನಿಂತರು.

*

ಮೂರು ವರ್ಷದ ಹಿಂದಿನ ಮಾತು. ಅದು ಮರೆವಿನ ಕಾಯಿಲೆಗೆ ಮದ್ದು ಹುಡುಕುವ ಲ್ಯಾಬು. ವಂಶವಾಹಿ ತಿದ್ದಿ ಮರೆಗುಳಿ ಮಾಡಿದ ಇಲಿಗಳನ್ನು ಹಾಲುಬಣ್ಣದ ನೀರಿನ ತೊಟ್ಟಿಗೆ ಬಿಡಬೇಕು. ನೀರಡಿ ಅಡಗಿಸಿಟ್ಟ ಪುಟ್ಟ ಕಟ್ಟೆ ಎಲ್ಲಿದೆಯೆಂದು ನೆನಪಿಟ್ಟು ಹತ್ತುತ್ತವೆಯೋ ನೋಡಬೇಕು. ಒದ್ದೆ ಇಲಿ ಒರೆಸುವುದು ಮಾಮನ ಕೆಲಸ. ಆದರೆ ಮರೆಯಬೇಕಾದ ಇಲಿಗಳೆಲ್ಲ ಬಾಣದ ಹಾಗೆ ಕಟ್ಟೆಗೇ!

"ದಿನಾ ಕೆಂಪು ಟವೆಲು ಹಾಕ್ಕೊಂಡು ಕಟ್ಟೆ ಹತ್ರಾನೇ ನಿಲ್ತೀರಲ್ಲ, ಅವು ನಿಮ್ಮನ್ನೇ ಗುರುತು ಮಾಡ್ಕೊಂಡಿವೆ!" ಎಂದು ಮೇಡಂ ಹಣೆ ಚಚ್ಚಿಕೊಂಡರು. "ಪರದೆ ಹಿಂದೆ ಹೋಗಿ."

ಮಾಮ ಮರೆಯಾದರು. ಇಲಿ ತೊಟ್ಟಿಯ ಅಂಚುಗುಂಟ ಸುತ್ತಿತು, ಸುತ್ತುತ್ತಲೇ ಇತ್ತು.

ಅಂದು ಮಾಮ ಕತೆ ಕಟ್ಟಲಿಲ್ಲ. "ಒಂದೇ ಕಡೆ ನಿಂತ್ರೆ ಸಾಕಾ ಮೇಡಂ? ಅಲ್ಲಾಡದೆ?"

"ನನ್ನ ಪರೀಕ್ಷೆ ಕುಲಗೆಡಿಸೋಕೆ ಅಷ್ಟು ಸಾಕು ಪುಣ್ಯಾತ್ಮ!"

*

"ಮನೇಲಿ ಅವರು ಎಲ್ಲಿ ನಿಲ್ತಿದ್ರು?" ಎಂದು ಮೇಡಂ ಮಗಳನ್ನು ಕೇಳಿದರು.

"ಅಡುಗೆಮನೆ ಬಾಗಿಲಲ್ಲಿ," ಎಂದಳು ಮಗಳು. "ಕಾಲು ಊದಿದ್ರೂ ಕೂರ್ತಿರಲಿಲ್ಲ. ಆ ಹಾಳು ಟವೆಲು ಬೇರೆ..."

ಗೂಟದಲ್ಲಿದ್ದ ಕೆಂಪು ಟವೆಲನ್ನು ಹೆಗಲಿಗೆ ಹಾಕಿಕೊಂಡು ಅವಳು ಆ ಬಾಗಿಲಲ್ಲಿ ನಿಂತಳು.

ಐದನೇ ಸುತ್ತಿನ ನಡುವೆ ಅಮ್ಮ ತಿರುಗಿದರು. ಸೀದಾ ಬಂದು ಟವೆಲಿನ ತುದಿಗೆ ಕೈ ಒರೆಸಿಕೊಂಡರು.

"ಎಲ್ಲಿ ಹೋಗಿದ್ರಿ ಇಷ್ಟೊತ್ತು?"

ಹೊರಗೆ ವ್ಯಾನು ಗುರುಗುಟ್ಟಿತು. "ಬಾರಮ್ಮ, ಅಪ್ಪನ್ನ ಎತ್ತಬೇಕು!" ಎಂದು ಯಾರೋ ಕೂಗಿದರು.

ಮಗಳು ಅಲ್ಲಾಡಲಿಲ್ಲ.